ಹಾಕು ಅಂದರೆ ಯಾವ ಹಾಕು

ಮೋಟಾರು ಸುಟ್ಟ ವಾಸನೆ ಬಂದರೆ ರೈತನ ಎದೆ ಧಸಕ್ಕೆನ್ನುತ್ತಿತ್ತು, ನನ್ನ ಮನೆಯಲ್ಲಿ ಒಲೆ ಹತ್ತುತ್ತಿತ್ತು. ಕೊಟ್ಟೂರಿನಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹೊಯ್ದು ಒಣಗಿಸಿ ಕೊಡುವುದು ಕೆಲಸ. ಬೋರಿನಲ್ಲಿ ನೀರು ಬತ್ತಿದ ಕೂಡಲೇ ತಾನಾಗಿ ಮೋಟಾರು ನಿಲ್ಲಿಸುವ ಹೊಸ ಸ್ಟಾರ್ಟರ್ ಡಬ್ಬಿಗಳು ನಮ್ಮ ಕಡೆಗೆ ಬಂದಾಗ ಅವನ್ನು ಬಾಯಿಗೆ ಬಂದಂತೆ ಬೈದವನು ನಾನು. ಮೋಟಾರು ಸುಡದಿದ್ದರೆ ನಾನು ಸುತ್ತುವುದೇನನ್ನು? ಬೈಯುತ್ತ ಬೈಯುತ್ತಲೇ ಅವನ್ನು ಕೂರಿಸುವುದನ್ನೂ ಕಲಿತೆ. ಈಗ ಸುತ್ತುವ ಕೆಲಸ ಅರ್ಧಕ್ಕೆ ಇಳಿದಿದೆ, ಕೂರಿಸುವ ಕೆಲಸ ಎರಡು ಪಟ್ಟಾಗಿದೆ. ಬೈಗುಳ ಮಾತ್ರ ಅಭ್ಯಾಸಬಲದಿಂದ ಹಾಗೇ ಉಳಿದುಕೊಂಡಿದೆ.

ಈ ಕೆಲಸದಿಂದ ನಾನು ನೋಡಿದ್ದೂ ಬಹಳ. ಹರಪನಹಳ್ಳಿ ಕಡೆಯ ಗುಡ್ಡದ ಮೇಲೆ ಗಾಳಿ ಗಿರಣಿಯ ಬುಡದಲ್ಲಿ ನಿಂತು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದ್ದೇನೆ. ಕಾನಹೊಸಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ಹೆಂಗಸೊಬ್ಬರು ಮೆಕ್ಕೆಜೋಳದ ಮೇಲೆ ಡ್ರೋನ್ ಹಾರಿಸಿ ಔಷಧಿ ಹೊಡೆಯುತ್ತಾರೆ. ಒಮ್ಮೆ ಅದು ಬೇವಿನ ಮರಕ್ಕೆ ಸಿಕ್ಕಿಕೊಂಡು ಬಿದ್ದಾಗ ನನ್ನನ್ನು ಕರೆಸಿದರು. ರಿಪೇರಿ ನನ್ನಿಂದಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಅದರ ಪುಟ್ಟ ಮೋಟಾರೊಂದನ್ನು ಬಿಚ್ಚಿ ನೋಡಿದೆ. ಒಳಗೆ ತಾಮ್ರದ ತಂತಿ, ಒಂದರ ಪಕ್ಕ ಒಂದು, ಎಷ್ಟು ಒಪ್ಪವಾಗಿ ಸುತ್ತಿದ್ದರೆಂದರೆ ಸುತ್ತು ಎಣಿಸುತ್ತ ಕೂತುಬಿಟ್ಟೆ. ಗಾಳಿ ಗಿರಣಿಯ ತಲೆಯಲ್ಲೂ ಇದೇ, ಮಂಡಕ್ಕಿ ಭಟ್ಟಿಗೆ ಈಗ ಗಾಳಿ ಊದುವ ಯಂತ್ರದಲ್ಲೂ ಇದೇ. ಎಲ್ಲ ಕಡೆ ನಮ್ಮ ತಂತಿ, ನಮ್ಮ ಸುತ್ತು. ಅವತ್ತು ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದೆ. ಹಾಗಾದರೆ ವಿಮಾನವನ್ನೂ ನೀವೇ ಹಾರಿಸುತ್ತೀರೇನೋ ಎಂದು ನಕ್ಕಳು. ನಗಲಿ, ನನ್ನ ಹೆಮ್ಮೆ ನನಗೆ.

ಆದರೆ ಎಲ್ಲಕ್ಕಿಂತ ದೊಡ್ಡ ಹೆಮ್ಮೆ ಬಂದದ್ದು ನನ್ನ ತಪ್ಪಿನಿಂದ, ನನ್ನ ಅಕ್ಕನ ತೋಟದಲ್ಲಿ.

ಅಕ್ಕನನ್ನು ಕೊಟ್ಟಿದ್ದು ಹಡಗಲಿ ಹತ್ತಿರದ ಹಳ್ಳಿಗೆ. ಭಾವ ಬಸ್ ಡ್ರೈವರ್. ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಮಲ್ಲಿಗೆ ತೋಟ ಮೊದಲಿನಿಂದಲೂ ಅಕ್ಕನದೇ ಕಾರುಬಾರು. ಮೇಲಿನ ಮಡಿ, ಕೆಳಗಿನ ಮಡಿ ಎಂದು ಎರಡು ಭಾಗ, ಎರಡಕ್ಕೂ ಡ್ರಿಪ್ ಪೈಪು. ಕೆಲವು ವರ್ಷಗಳಿಂದ ಅವಳ ಕಣ್ಣು ಮಸುಕಾಗುತ್ತ ಬಂತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಬೆಳಕು ನೆರಳು ಗೊತ್ತಾಗುತ್ತಿತ್ತು, ಅಷ್ಟೆ. ಮೊಗ್ಗು ಬಿಡಿಸುವುದಕ್ಕೆ ಅವಳಿಗೆ ಕಣ್ಣು ಬೇಡ. ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ಬೆರಳೇ ಹೇಳುತ್ತದೆ. ತೊಂದರೆ ಬಂದದ್ದು ಸ್ಟಾರ್ಟರಿನಲ್ಲಿ. ಕೆಂಪು ದೀಪ, ಹಸಿರು ದೀಪ ಕಾಣದೆ ಒಮ್ಮೆ ಕೈ ತಪ್ಪಿ ಶಾಕ್ ಹೊಡೆಸಿಕೊಂಡಳು. ಅವತ್ತೇ ಭಾವ ತೋಟವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟುಬಿಡೋಣ ಎಂದರು. ಅವರದೂ ತಪ್ಪಲ್ಲ, ಹೆದರಿದ್ದರು.

ಅಕ್ಕ ನನಗೆ ಫೋನ್ ಮಾಡಿದಳು. ಅತ್ತಿರಬೇಕು ಎಂದುಕೊಂಡರೆ ದನಿಯಲ್ಲಿ ಇದ್ದದ್ದು ಸಿಟ್ಟು.

"ಊರ ಮಂದಿ ಮೋಟ್ರೆಲ್ಲಾ ರಿಪೇರಿ ಮಾಡ್ತಿ. ನನ್ ತೋಟ ನನ್ ಕೈಯಾಗ ಉಳಿಯೋಂಗ ಒಂದ್ ಏನರ ಮಾಡಾಕ ಆಗಂಗಿಲ್ಲೇನ್ಲೇ ತಮ್ಮಾ?"

ಆ ಹೊತ್ತಿಗೆ ಒಂದು ಹೊಸ ಕಂಪನಿಯವರು ಮಾತು ಕೇಳಿ ಕೆಲಸ ಮಾಡುವ ಡಬ್ಬಿಯನ್ನು ನಮ್ಮ ಕಡೆ ಪರೀಕ್ಷೆಗೆಂದು ತಂದಿದ್ದರು. ಮುಟ್ಟುವುದು ಬೇಡ, ನೋಡುವುದು ಬೇಡ. ಬಾಯಿಂದ ಹೇಳಿದರೆ ಮೋಟಾರು ಚಾಲೂ ಆಗಬೇಕು, ಪೈಪಿಗೆ ನೀರು ಬಿಡುವ ವಾಲ್ ತೆರೆದುಕೊಳ್ಳಬೇಕು. ಜೊತೆಗೆ ಬಂದಿದ್ದ ಇಂಜಿನಿಯರ್ ಮೈಸೂರು ಕಡೆಯ ಹೆಣ್ಣುಮಗಳು. ಚುರುಕು, ಮಾತು ಮೆತ್ತಗೆ. ಡಬ್ಬಿಗೆ ಪುಸ್ತಕದ ಕನ್ನಡ ಕಲಿಸಿಕೊಂಡು ಬಂದಿದ್ದರು. 'ಪಂಪನ್ನು ಚಾಲನೆ ಮಾಡು' ಅಂತೆ. ಹಾಗೆ ಹೇಳುವಷ್ಟರಲ್ಲಿ ಕರೆಂಟೇ ಹೋಗಿರುತ್ತದೆ ಎಂದೆ. ಅವರು ನಕ್ಕು, ಇಲ್ಲಿಯವರು ಹೇಗೆ ಹೇಳುತ್ತಾರೆ ಎಂದು ಕೇಳಿದರು. ನಾನು ದೊಡ್ಡ ಪಂಡಿತನಂತೆ ಹೇಳಿಬಿಟ್ಟೆ: "ಭಾಳ ಸರಳ ಐತ್ರಿ ಮೇಡಂ. ಚಾಲೂ ಮಾಡಾಕ ಹಾಕು, ಬಂದ್ ಮಾಡಾಕ ತೆಗಿ. ಬರಕೊಳ್ರಿ." ಅವರು ಬರೆದುಕೊಂಡರು.

ಅಕ್ಕನ ತೋಟದಲ್ಲಿ ಡಬ್ಬಿ ಕೂರಿಸಿದೆವು. ಆ ದಿನ ಕೆಳಗಿನ ಮಡಿಯ ವಾಲನ್ನು ನಾನೇ ಕೈಯಿಂದ ತಿರುಗಿಸಿ ತೆರೆದಿದ್ದೆ, ಮೇಲಿನದು ಮುಚ್ಚಿತ್ತು. ಬಾಯಿ ಮಾತಿನಿಂದ ಪರೀಕ್ಷೆ ಮಾಡಿದ್ದು ಮೋಟಾರನ್ನು ಮಾತ್ರ. "ಮೋಟ್ರು ಹಾಕು" ಎಂದಳು ಅಕ್ಕ, ಗುಂಯ್ ಎಂದಿತು. "ಮೋಟ್ರು ತೆಗಿ" ಎಂದಳು, ನಿಂತಿತು. ನಾಲ್ಕು ಸಲ ಹಾಕಿಸಿ ತೆಗೆಸಿದಳು, ಹೊಸ ಸೊಸೆಯ ಮೇಲೆ ಅಧಿಕಾರ ನಡೆಸುವ ಅತ್ತೆಯ ಹಾಗೆ. ಎಲ್ಲರೂ ಚಹಾ ಕುಡಿದು ಖುಷಿಯಾಗಿ ಹೊರಟೆವು.

ಮರುದಿನ ಬೆಳಗ್ಗೆ ಭಾವನ ಫೋನು. ಪೈಪು ಒಡೆದಿತ್ತು. ನಾನು ಬೈಕಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಅಕ್ಕ ತೊಯ್ದ ಸೀರೆಯಲ್ಲೇ ಬದುವಿನ ಮೇಲೆ ಕೂತಿದ್ದಳು. ನೀರಿನ ರಭಸಕ್ಕೆ ಒಂದು ಸಾಲಿನ ಬುಡದ ಮಣ್ಣೆಲ್ಲ ಕೊಚ್ಚಿ ಬೇರು ಹೊರಗೆ ಬಂದಿತ್ತು. ಏನಾಯಿತೆಂದು ಹೇಳಿ ಮುಗಿಸುವವರೆಗೂ ಅವಳು ನನ್ನ ಕಡೆ ಮುಖ ತಿರುಗಿಸಲಿಲ್ಲ. ನಡೆದದ್ದು ಇಷ್ಟೇ: ಮೋಟಾರು ಶುರುಮಾಡುವ ಮೊದಲು ಇರಲಿ ಎಂದು "ಕೆಳಗಿನ ವಾಲ್ ತೆಗಿ" ಎಂದಿದ್ದಾಳೆ. ಡಬ್ಬಿ "ಆಯಿತು" ಎಂದಿದೆ. ಆಮೇಲೆ "ಮೋಟ್ರು ಹಾಕು" ಎಂದಿದ್ದಾಳೆ. ಅದಕ್ಕೂ "ಆಯಿತು" ಎಂದಿದೆ. ಆದರೆ ತೆರೆದಿದ್ದ ವಾಲನ್ನು ಅದು ಮುಚ್ಚಿತ್ತು. ಎರಡೂ ವಾಲ್ ಮುಚ್ಚಿದ ಮೇಲೆ ನೀರು ಹೋಗುವುದಾದರೂ ಎಲ್ಲಿಗೆ?

ಭಾವ ಏನೂ ಬೈಯಲಿಲ್ಲ. ಸೋಮವಾರ ಪಾಲಿನವನು ಬರುತ್ತಾನೆ, ಮಾತು ಮುಗಿಸಿಬಿಡುತ್ತೇನೆ ಎಂದಷ್ಟೇ ಹೇಳಿ ಡ್ಯೂಟಿಗೆ ಹೋದರು. ನಾನು ಬದುವಿನ ಮೇಲೆ ನಿಂತೇ ಇಂಜಿನಿಯರಿಗೆ ಫೋನ್ ಹಚ್ಚಿ, ಕನ್ನಡ ಬಾರದ ಡಬ್ಬಿ ತಂದು ನಮ್ಮ ಅಕ್ಕನ ತೋಟ ಹಾಳು ಮಾಡಿದಿರಿ ಎಂದು ಕೂಗಾಡಿದೆ. ಆ ಹೆಣ್ಣುಮಗಳು ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಬಂದವರೇ ಅಕ್ಕನ ಪಕ್ಕ ನೆಲದ ಮೇಲೆ ಕೂತು, ದಿನವಿಡೀ ಮನೆಯಲ್ಲಿ ತೋಟದಲ್ಲಿ ಏನೇನು ಹಾಕುತ್ತೀರಿ, ಏನೇನು ತೆಗೆಯುತ್ತೀರಿ, ಎಲ್ಲ ಹೇಳಿ ಅಕ್ಕ ಎಂದರು.

ಅಕ್ಕ ಹೇಳುತ್ತ ಹೋದಳು. ಲೈಟ್ ಹಾಕು, ಫ್ಯಾನ್ ಹಾಕು, ಬಾಗಿಲು ಹಾಕು, ಗೇಟ್ ಹಾಕು. ಅಲ್ಲಿಗೆ ನಿಲ್ಲಿಸಿದಳು. ಸೆರಗಿನ ತುದಿ ತಿರುವುತ್ತ ಲೈಟ್ ಹಾಕು, ಬಾಗಿಲು ಹಾಕು ಎಂದು ತನ್ನಷ್ಟಕ್ಕೆ ಮತ್ತೆ ಹೇಳಿಕೊಂಡಳು.

"ಲೈಟ್ ಹಾಕಿದ್ರ ಹತ್ತತೈತಿ. ಬಾಗ್ಲ ಹಾಕಿದ್ರ ಮುಚ್ಚತೈತಿ. ಮೋಟ್ರು ಲೈಟಿನ ಜಾತಿ, ವಾಲ್ ಬಾಗ್ಲಿನ ಜಾತಿ. ನೀವು ಎರಡಕ್ಕೂ ಒಂದ ಅರ್ಥ ಕಲಿಸೀರಿ ನೋಡ್ರಿ."

ಇಂಜಿನಿಯರ್ ತಲೆ ಎತ್ತಿ ನನ್ನನ್ನು ನೋಡಿದರು. ಹುಟ್ಟಿದಾಗಿನಿಂದ ಬಾಗಿಲು ಹಾಕುತ್ತ ಲೈಟ್ ಹಾಕುತ್ತ ಬಂದವನು, ಎರಡೂ ಒಂದಕ್ಕೊಂದು ಉಲ್ಟಾ ಎಂಬುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಹಾಕು ಅಂದರೆ ಚಾಲೂ, ತೆಗಿ ಅಂದರೆ ಬಂದ್ ಎಂದು ಬರೆಸಿದವನು ನಾನು. ನೆಲ ಬಾಯಿಬಿಟ್ಟರೆ ಹೋಗಿಬಿಡೋಣ ಅನ್ನಿಸಿತು. ತಪ್ಪು ನನ್ನದು, ಸುಮ್ಮನೆ ನಿಮ್ಮನ್ನು ಬೈದೆ ಎಂದು ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಮೋಟಾರು ತೆಗಿ ಎಂದರೆ ನಮ್ಮಲ್ಲಿ ಅದನ್ನು ಬೋರಿನಿಂದ ಮೇಲೆತ್ತುವುದು ಎಂದೂ ಆಗುತ್ತದೆ, ಪುಣ್ಯಕ್ಕೆ ಡಬ್ಬಿಗೆ ಕೈ ಇಲ್ಲ ಎಂದಳು ಅಕ್ಕ. ಬೆಳಗ್ಗೆಯಿಂದ ಅವಳು ನಕ್ಕದ್ದು ಆಗಲೇ.

ಮುಂದಿನ ಎರಡು ದಿನ ಆ ಹೆಣ್ಣುಮಗಳು ಅಕ್ಕನ ಮನೆಯಲ್ಲೇ ಉಳಿದರು. ಜೋಳದ ರೊಟ್ಟಿ ತಿನ್ನುತ್ತ, ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅಕ್ಕನಿಂದ ನೂರಾರು ಮಾತು ಹೇಳಿಸಿ ಡಬ್ಬಿಗೆ ಕಲಿಸಿದರು. ನಾನು ಪೈಪು ಜೋಡಿಸಿ, ಬೇರಿಗೆ ಮಣ್ಣು ಏರಿಸಿದೆ. ಯಾವ ವಾಲೂ ತೆರೆಯದೆ ಮೋಟಾರು ಶುರುವಾಗಬಾರದು ಎಂಬ ಕಟ್ಟುಪಾಡನ್ನೂ ಹಾಕಿದೆವು. ಅದಕ್ಕೆ ಬೇಕಾದ ತಂತಿ ಜೋಡಣೆ ನನ್ನದು, ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ.

ಸೋಮವಾರ ಪಾಲಿನವನು ಬಂದ. ಭಾವ ರಜೆ ಹಾಕಿ ಕೂತಿದ್ದರು. ಮಾತಿಗೆ ಕೂರುವ ಮೊದಲು ನೀರು ಬಿಟ್ಟು ಬರುತ್ತೇನೆ ಎಂದು ಅಕ್ಕ ಒಬ್ಬಳೇ ತೋಟಕ್ಕೆ ಇಳಿದಳು. ನಾವೆಲ್ಲ ಹಿಂದೆ ಹೋಗಿ ಬದುವಿನ ಮೇಲೆ ನಿಂತೆವು. ಅಕ್ಕ ಚಪ್ಪಲಿ ಬಿಟ್ಟು ಬರಿಗಾಲನ್ನು ಪೈಪಿನ ಮೇಲೆ ಇಟ್ಟಳು. ಕೆಳಗಿನ ವಾಲ್ ತೆಗಿ ಎಂದಳು, ಮೋಟ್ರು ಹಾಕು ಎಂದಳು. ಪೈಪಿನಲ್ಲಿ ನೀರು ಹರಿದು ಬಂದದ್ದು ನಮ್ಮ ಕಣ್ಣಿಗೆ ಕಾಣುವ ಮೊದಲೇ ಅವಳ ಕಾಲಿಗೆ ಗೊತ್ತಾಗಿ ಮುಖ ಅರಳಿತು. ಆಮೇಲೆ ನಮಗೆ ಕೇಳಲೆಂದೇ ಮೋಟಾರು ನಿಲ್ಲಿಸಿ, ಎರಡೂ ವಾಲ್ ಮುಚ್ಚಿಸಿ, ಬೇಕಂತಲೇ "ಮೋಟ್ರು ಹಾಕು" ಎಂದಳು. ಡಬ್ಬಿ ಹಾಕಲಿಲ್ಲ. ಅಕ್ಕನದೇ ದನಿಯಲ್ಲಿ ತಿರುಗಿ ಹೇಳಿತು:

"ಎರಡೂ ವಾಲ್ ಮುಚ್ಯಾವ. ಮೊದ್ಲ ಒಂದ್ ವಾಲ್ ತೆಗಿ, ಆಮ್ಯಾಲ ಮೋಟ್ರು."

ಡಬ್ಬಿಗೆ ದನಿ ಕೊಟ್ಟಿದ್ದನ್ನು ಅಕ್ಕ, ಇಂಜಿನಿಯರ್ ಇಬ್ಬರೂ ಸೇರಿ ನಮ್ಮಿಂದ ಮುಚ್ಚಿಟ್ಟಿದ್ದರು. ಭಾವ ಹೆಂಡತಿಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. "ಮನ್ಯಾಗೂ ನಿಂದ ಮಾತು, ಇಲ್ಲೂ ನಿಂದ ನಡಿಲಿ" ಎಂದರು. ಪಾಲಿನವನಿಗೆ ಚಹಾ ಕುಡಿಸಿ, ಒಂದು ಮೊಳ ಹೂವು ಕೊಟ್ಟು ಕಳಿಸಿದರು.

ಈಗ ಆ ಡಬ್ಬಿ ನಮ್ಮ ಸೀಮೆಯಲ್ಲಿ ಎಲ್ಲಿ ಕೂತರೂ ಅಕ್ಕನ ಮಾತನ್ನೇ ಆಡುತ್ತದೆ. ಕೋಗಳಿಯಲ್ಲಿ ಕೂರಿಸಿದೆ, ಹಗರಿಬೊಮ್ಮನಹಳ್ಳಿಯಲ್ಲಿ ಕೂರಿಸಿದೆ. ಮೊನ್ನೆ ಗುಡೇಕೋಟೆಯಲ್ಲಿ, ಕುರಿ ಸಾಕುತ್ತ ಜೊತೆಗೆ ಹೊಸದಾಗಿ ದಾಳಿಂಬೆ ಹಚ್ಚಿರುವ ಹಿರಿಯರೊಬ್ಬರ ಹೊಲದಲ್ಲಿ ಕೂರಿಸಿದೆ. ಅವರು ವಾಲ್ ತೆಗೆಸದೆ ಮೋಟಾರು ಹಾಕು ಎಂದುಬಿಟ್ಟರು. ನಮ್ಮ ಅಕ್ಕ ಬಿಡುತ್ತಾಳೆಯೇ? ಮೊದ್ಲ ವಾಲ್ ತೆಗಿ ಎಂದು ಗದರಿದಳು. ಹಿರಿಯರು ರುಮಾಲು ಸರಿಮಾಡಿಕೊಂಡು, "ಆತ್ ಬಿಡ್ರವ್ವಾ, ತೆಗೀತೀನಿ" ಎಂದು ಡಬ್ಬಿಗೆ ಮರ್ಯಾದೆಯಿಂದಲೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಈ ತಾಯಿ ಯಾರಪ್ಪಾ, ದೊಡ್ಡ ಇಂಜಿನಿಯರೇನು ಎಂದು ಕೇಳಿದರು.

ಸ್ಕ್ರೂಡ್ರೈವರ್ ಚೀಲಕ್ಕೆ ಹಾಕುತ್ತಿದ್ದವನು ನಿಲ್ಲಿಸಿ ಎದ್ದು ನಿಂತೆ.

"ನಮ್ಮಕ್ಕರಿ. ಹಡಗಲಿ ಕಡಿ ಮಲ್ಲಿಗಿ ಬೆಳಿತಾಳ, ತನ್ನ ತೋಟದಾಗ."