ಕದಿರಮ್ಮನಿಗೆ ಕೊಟ್ಟ ಜಗಲಿ

ಎರಡು ಸಾವಿರದ ಏಳರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಬಜಾರ್ ರಸ್ತೆಯವರೆಲ್ಲ ಸೇರಿ ಪಟಾಕಿ ಹೊಡೆದೆವು. ನಾನೂ ಹೊಡೆದೆ, ಸುಳ್ಳೇಕೆ ಹೇಳಲಿ. ಜಿಲ್ಲೆಯೆಂದರೆ ಆಫೀಸುಗಳು ಬರುತ್ತವೆ, ಆಫೀಸುಗಳಿಗೆ ಕಟ್ಟಡ ಬೇಕು. ಆ ಕಟ್ಟಡ ನನ್ನ ಸೈಕಲ್ ಶಾಪಿನ ಎದುರಿನ ಹಳೇ ಛತ್ರವೇ ಆಗಬೇಕೇ? ಯಾವುದೋ ಇಲಾಖೆಯವರು ಬಂದರು, ಅಳೆದರು, ತಲೆದೂಗಿದರು. ಗಾರೆ ಗೋಡೆ, ಕಲ್ಲು ಕಂಬ ಎಲ್ಲ ಹಾಗೇ ಉಳಿಸಿ ಒಳಗೆ ಗಾಜಿನ ಕ್ಯಾಬಿನ್ನು, ಕಂಪ್ಯೂಟರು, ಎ.ಸಿ. ಹಾಕಿಸುತ್ತಾರಂತೆ. ಕೇಳುವುದಕ್ಕೇನೋ ಚೆನ್ನಾಗಿತ್ತು.

ಆ ಛತ್ರದ ಮುಂದಿನ ಕಲ್ಲು ಜಗಲಿಯ ಮೇಲೆ ಕದಿರಮ್ಮ ಹೂ ಮಾರುತ್ತಿದ್ದಳು. ಮಂಚೇನಹಳ್ಳಿ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಅವಳನ್ನು ಆ ಮೂಲೆಯಲ್ಲಿ ಕೂರಿಸಿ ಹೂ ಕಟ್ಟುವುದನ್ನು ಕಲಿಸಿದಳಂತೆ. ಅತ್ತೆ ಹೋದಳು, ಗಂಡನೂ ಹೋದ, ಜಗಲಿ ಉಳಿಯಿತು. ಮಗಳು ಅಮೃತಳನ್ನು ಟೀಚರ್ ಟ್ರೈನಿಂಗಿನವರೆಗೆ ಓದಿಸಿದ್ದು ಆ ಜಗಲಿಯೇ. ಉತ್ತರದ ಕಡೆ ಮುಖ, ಮೇಲೆ ಸೂರು, ಕೆಳಗೆ ತಣ್ಣನೆಯ ಕಲ್ಲು. ಬೆಳಿಗ್ಗೆ ತಂದ ಕನಕಾಂಬರ ಸಂಜೆಗೂ ಬಾಡುತ್ತಿರಲಿಲ್ಲ. ಊರಲ್ಲಿ ಬೇರೆಲ್ಲಿ ಕೂತರೂ ಮಧ್ಯಾಹ್ನಕ್ಕೆಲ್ಲ ಹೂವು ಸೊಪ್ಪಾಗುತ್ತದೆ. ಚೌಕಾಸಿ ಮಾಡುವವರಿಗೆ, “ನಾಳೆ ಬಾಮ್ಮ, ಬಾಡಿದ್ದು ಅರ್ಧ ರೇಟಿಗೆ ಕೊಡ್ತೀನಿ” ಎನ್ನುತ್ತಿದ್ದಳು. ನಾಲಿಗೆ ಸ್ವಲ್ಪ ಜೋರೇ.

ಛತ್ರದ ಕೆಲಸ ಶುರುವಾಗಿದ್ದೇ ಆ ಜೋರೆಲ್ಲ ಇಳಿಯಿತು. ಜಗಲಿ ಇರುತ್ತದೋ ಹೋಗುತ್ತದೋ? ಇಲಾಖೆಯಲ್ಲಿ ಕೇಳಿದರೆ, ಇಂಜಿನಿಯರನ್ನ ಕೇಳಮ್ಮ. ಇಂಜಿನಿಯರ್ ರಮೇಶ್‌ಬಾಬು ಅವರನ್ನು ಕೇಳಿದರೆ, ಪ್ಲಾನ್ ನೋಡಬೇಕಮ್ಮ. ಪ್ಲಾನ್ ತೋರಿಸಿ ಎಂದರೆ, ಸಾಹೇಬರು ಊಟಕ್ಕೆ ಹೋಗಿದ್ದಾರೆ. ಅದೆಂಥ ಊಟವೋ, ತಿಂಗಳುಗಟ್ಟಲೆ ಮುಗಿಯಲಿಲ್ಲ! ನಾನೂ ಅವಳ ಜೊತೆ ಅಲೆದು ಅಲೆದು ಬೇಸತ್ತೆ.

“ಇಲ್ಲ ಅಂತಾನಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಾ ಮೂರ್ತಣ್ಣ? ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ರಾತ್ರಿ ನಿದ್ದೆ ಬರಲ್ಲ ಕಣಣ್ಣ” ಎಂದಳು ಒಂದು ದಿನ.

ಮಾರನೆಯ ವಾರ ರಮೇಶ್‌ಬಾಬು ಛತ್ರದ ತಾರಸಿಯ ಮೇಲೆ ನಿಂತಿದ್ದರು. ಒಳಗೆ ಟೈಲ್ಸ್ ಕೊಯ್ಯುವ ಮಷೀನು ಕಿವಿ ತೂತಾಗುವಂತೆ ಕಿರುಚುತ್ತಿತ್ತು. ಕದಿರಮ್ಮ ಬೀದಿಯಲ್ಲಿ ನಿಂತು, “ಸಾರ್, ನನ್ ಜಗ್ಲಿ ವಿಚಾರ ಏನ್ ಮಾಡಿದ್ರಿ ಸಾರ್?” ಎಂದು ಕೂಗಿದಳು.

ರಮೇಶ್‌ಬಾಬು ಸಿಡಿಮಿಡಿಗೊಂಡು ಕೆಳಗಿದ್ದ ಮೇಸ್ತ್ರಿ ಬಯ್ಯಪ್ಪನಿಗೆ, “ಬಯ್ಯಪ್ಪಾ, ಆ ಜಗ್ಲಿ ಕೊಟ್ಬಿಡಪ್ಪ ಅತ್ಲಾಗೆ! ದಿನಾ ಪ್ರಾಣ ತಿಂತಾಳೆ!” ಎಂದರು.

ಬಯ್ಯಪ್ಪ ಗಡಿಯಾಚೆ ಆಂಧ್ರದ ಕದಿರಿಯ ಕಡೆಯವನು. ಕನ್ನಡ ಅವನಿಗೆ ಕೆಲಸಕ್ಕೆ ಬೇಕಾದಷ್ಟು. ತಲೆಯೆತ್ತಿ, “ಕೊಟ್ಟೇಯಾಲಾ ಸಾರ್?” ಎಂದು ಕೇಳಿದ.

“ಹೂಂನಯ್ಯಾ, ಕೊಟ್ಬಿಡು ಅಂದ್ನಲ್ಲ!”

ಕನ್ನಡದ ಬಾಯಲ್ಲಿ ಅದು ಕೊಡುವ ಮಾತು. ತೆಲುಗಿನ ಕಿವಿಗೆ ‘ಕೊಟ್ಟು’ ಎಂದರೆ ಹೊಡೆದು ಕೆಡವುವ ಮಾತು. ಕದಿರಮ್ಮನ ಮನೆಮಾತೇ ತೆಲುಗು, ನಾನೂ ತೆಲುಗಿನಲ್ಲೇ ವ್ಯಾಪಾರ ಮಾಡುವವನು. ಆದರೂ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಬೇಕಾದ ಮಾತೇ ಕಿವಿಗೆ ಬಿದ್ದಾಗ ಯಾವ ಭಾಷೆಯೆಂದು ಯಾರು ನೋಡುತ್ತಾರೆ? ಅವಳು ತಾರಸಿಯತ್ತ ಎರಡೂ ಕೈ ಮುಗಿದಳು. ಬುಟ್ಟಿ, ಗೋಣಿಚೀಲ ನನ್ನ ಅಂಗಡಿಯಲ್ಲಿಟ್ಟು, ಆಂಜನೇಯನಿಗೆ ಕಾಯಿ ಒಡೆಸಿಕೊಂಡು ಬರುತ್ತೇನೆಂದು ಹೋದಳು. ನಾನೂ ಊಟಕ್ಕೆ ಮನೆಗೆ ಹೋದೆ.

ಬಂದು ನೋಡಿದರೆ ಜಗಲಿಯಿದ್ದ ಕಡೆ ಕಲ್ಲುಚೂರು, ಮಣ್ಣು. ಬಯ್ಯಪ್ಪ ಸಮ್ಮಟಿ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಕದಿರಮ್ಮನೂ ಹಣೆಗೆ ಕುಂಕುಮ ಇಟ್ಟುಕೊಂಡು, ಕೈಯಲ್ಲಿ ಒಡೆದ ತೆಂಗಿನಕಾಯಿ ಹಿಡಿದುಕೊಂಡು ಬಂದಳು.

“ಅಯ್ಯಯ್ಯೋ! ಕೊಟ್ಬಿಡು ಅಂದ್ರಲ್ಲಪ್ಪೋ!”

“ಅದೇ ಕದಮ್ಮಾ, ಕೊಟ್ಟೇಸಿನಾನು” ಎಂದ ಬಯ್ಯಪ್ಪ, ಪಾಪ, ಏನೂ ಅರಿಯದವನಂತೆ.

ನನಗೆ ಮೈಯೆಲ್ಲ ಉರಿಯಿತು. ತಾರಸಿಯಿಂದ ಇಳಿದು ಬಂದ ರಮೇಶ್‌ಬಾಬು ಮೇಸ್ತ್ರಿಯನ್ನು ಬೈದರು. ಮೇಸ್ತ್ರಿ, “ಮೀರೇ ಕದಾ ಸಾರ್ ಚೆಪ್ಪಿಂದಿ” ಎಂದ. ನೀವೇ ತಾನೇ ಹೇಳಿದ್ದು ಎಂದು ಅವರ ಮೇಲೇ ಹಾಕಿದ.

“ಕೆಳಗಿಳಿದು ಬಂದು, ಕೈ ತೋರ್ಸಿ ಒಂದು ಮಾತು ಹೇಳೋಕೆ ಏನ್ರೀ ಆಗಿತ್ತು ನಿಮ್ಗೆ?” ಎಂದು ನಾನು ಕೂಗಾಡಿದೆ.

“ನಾನು ಸರಿಯಾಗೇ ಹೇಳಿದೀನಿ ಕಣ್ರೀ!”

ಅವರು ಹೇಳಿದ್ದೂ ಸರಿಯಂತೆ, ಅವನು ಕೇಳಿಸಿಕೊಂಡಿದ್ದೂ ಸರಿಯಂತೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಇಬ್ಬರೂ ಕೊಟ್ಟಿದ್ದರು! ಕಟ್ಟಡದಲ್ಲಿ ಹಳೆಯದನ್ನೆಲ್ಲ ಉಳಿಸುತ್ತೇವೆ ಎಂದವರಿಗೆ ಒಂದು ಜಗಲಿ ಉಳಿಸಲಾಗಲಿಲ್ಲ. ಅದಿದ್ದ ಕಡೆ ಈಗ ಗ್ರಾನೈಟಿನ ಮೆಟ್ಟಿಲು ಹಾಕಿಬಿಡೋಣ ಎಂದು ಯಾರೋ ಸಲಹೆಯನ್ನೂ ಕೊಟ್ಟರು.

ಕದಿರಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ನನ್ನ ಅಂಗಡಿಯಿಂದ ಬುಟ್ಟಿ ಎತ್ತಿಕೊಂಡು, ಗೋಣಿಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡಳು.

ರಮೇಶ್‌ಬಾಬು ದನಿ ತಗ್ಗಿಸಿ, “ಬೇಜಾರು ಮಾಡ್ಕೋಬೇಡಮ್ಮ. ಕಾಂಪೌಂಡ್ ಪಕ್ಕ ಬೇರೆ ಜಾಗ ಕೊಡಿಸ್ತೀನಿ” ಎಂದರು.

“ಬ್ಯಾಡ ಸ್ವಾಮಿ” ಎಂದಳು ಕದಿರಮ್ಮ. “ನಮ್ಮಂಥೋರಿಗೆ ನೀವು ಯಾವ್ ಭಾಷೇಲಿ ಕೊಟ್ರೂ ಒಂದೇ.”

ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಸುಡು ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು.