ಅಪರೂಪದ ಒಂದು ಹೌದು

ಸಿಂಗಾಪುರದ ಟ್ಯಾಂಪಿನೀಸಿನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಮಾವಿನಹಣ್ಣಿನ ಆಕಾರದ ಒಂದು ಮ್ಯಾಗ್ನೆಟ್ ಇದೆ. ತುದಿ ಮುರಿದು, ಬಣ್ಣ ಮಾಸಿ, ಈಗ ಅದು ಮಾವಿಗಿಂತ ಹೆಚ್ಚಾಗಿ ಗೋಡಂಬಿಯನ್ನೇ ಹೋಲುತ್ತದೆ. ನಾನೂ ಹೆಂಡತಿ ಸುಮಾಳೂ ಬೇರೆ ಬೇರೆ ಹೊತ್ತಿಗೆ ಕೆಲಸಕ್ಕೆ ಹೊರಡುವವರಾದ್ದರಿಂದ, ಮಗಳು ಅನಘಾ ಏಳು ವರ್ಷದವಳಿದ್ದಾಗ ಮನೆಯಲ್ಲೊಂದು ಪದ್ಧತಿ ಮಾಡಿಕೊಂಡೆವು. ಬೇಕಾದದ್ದನ್ನು ಅವಳು ಚೀಟಿಯಲ್ಲಿ ಬರೆದು, ಕೆಳಗೆ ‘ಹೌದು’, ‘ಇಲ್ಲ’ ಎಂದು ಎರಡು ಚೌಕ ಎಳೆದು ಮ್ಯಾಗ್ನೆಟ್ಟಿಗೆ ಸಿಕ್ಕಿಸುವುದು. ನಾನು ಬೆಳಗಿನ ಕಾಫಿ ಹೀರುತ್ತ ಯಾವುದಾದರೂ ಒಂದು ಚೌಕದಲ್ಲಿ ರೈಟ್ ಮಾರ್ಕು ಹಾಕುವುದು. ಮೊದಲ ಚೀಟಿ ಸಾಕಲು ಇಲಿಯಂಥ ಪುಟ್ಟ ಹ್ಯಾಮ್‌ಸ್ಟರ್ ಕೇಳಿತ್ತು. ಇಲ್ಲ ಎಂದೆ. ಆಮೇಲೆ ಮೊಲ, ಮೀನು, ಕೊನೆಗೆ ಆಮೆ. ಬರಬರುತ್ತ ಚೀಟಿಗಳು ವಿರಳವಾಗಿ ಒಂದು ದಿನ ನಿಂತೇಹೋದವು. ಹುಡುಗಿಗೆ ಬುದ್ಧಿ ಬಂತು ಎಂದು ನಾನು ಒಳಗೊಳಗೇ ಬೀಗಿದೆ.

ಗೆಳೆಯರೇ, ನನ್ನ ಕೆಲಸವೂ ಹೌದು ಇಲ್ಲಗಳದ್ದೇ. ಅಮೆರಿಕದ ಶಾಸಕರು ಯಾವ ಮಸೂದೆಗೆ ಯಾವ ಕಡೆ ಮತ ಹಾಕಿದರೆಂಬ ಪಟ್ಟಿಯಲ್ಲಿ ತಪ್ಪು ಹುಡುಕುವುದಕ್ಕೆ, ಇದೇ ಊರಿನ ಉಬಿ ಬಡಾವಣೆಯ ಒಂದು ಆಫೀಸಿನಲ್ಲಿ ನನಗೆ ಸಂಬಳ. ಅನಘಾಳ ಹತ್ತನೇ ತರಗತಿ ಮುಗಿದ ವರ್ಷ ನನ್ನ ಪಾಲಿಗೆ ಬಂದವನು ಒಬ್ಬ ಸಂಪ್ರದಾಯವಾದಿ ಮುದುಕ. ಯಾವುದೋ ಗೋಧಿಯ ಸೀಮೆಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದವನು, ಚುನಾವಣೆಯ ಮೇಲೆ ಚುನಾವಣೆ ಗೆದ್ದು ಸಭೆಯ ಅದೇ ಕುರ್ಚಿಯಲ್ಲಿ ತಲೆ ನರೆಸಿಕೊಂಡವನು. ತೆರಿಗೆ ಇಳಿಸಲು ಹೌದು, ಸೈನ್ಯಕ್ಕೆ ಹೌದು. ಬಂದೂಕಿಗೆ ಕಡಿವಾಣ ಹಾಕಲು ಇಲ್ಲ, ಸರ್ಕಾರದ ಹೊಸ ಖರ್ಚೆಂದರೆ ಇಲ್ಲ, ಇಲ್ಲ, ಇಲ್ಲ. ಅವನ ವಿಚಾರ ನನಗೆ ಅಷ್ಟಾಗಿ ಒಪ್ಪಿಗೆಯಾಗದಿದ್ದರೂ, ಆಡಿದ ಮಾತಿಗೆ ಅಂಟಿಕೊಂಡ ಆ ಹಟ ಇಷ್ಟವಾಗಿತ್ತು. ಮಧ್ಯಾಹ್ನದ ಜೊಂಪಿನಲ್ಲಿ, ಕಿಟಕಿಯಾಚೆ ಗ್ಯಾರೇಜುಗಳ ಬಡಿತ ದೂರವಾಗುತ್ತಿದ್ದಂತೆ, ಅವನು ಕಂಬಗಳ ಉದ್ದನೆಯ ಮೊಗಸಾಲೆಯಲ್ಲಿ ಜೇಬಿನೊಳಗಿನ ಗೋಧಿಕಾಳು ತಡವುತ್ತ ಮತ ಹಾಕಲು ನಡೆದು ಹೋಗುವುದು ನನಗೆ ಕಾಣುತ್ತಿತ್ತು. ಒಮ್ಮೊಮ್ಮೆ ಅವನು ತಿರುಗಿ ನೋಡಿದಂತೆಯೂ ಅನಿಸುತ್ತಿತ್ತು.

ಆ ‘ಇಲ್ಲ’ಗಳ ಸಾಲಿನ ನಡುವೆ ಒಂದು ಹೌದು ಸಿಕ್ಕಿತು. ಕಿವಿ ಕೇಳದ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ ಶ್ರವಣಯಂತ್ರ ಕೊಡುವ ಮಸೂದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದನ್ನು ನಂಬಿದವನು ನಾನು. ಇದು ಟೈಪ್ ಮಾಡಿದವರ ಎಡವಟ್ಟೇ ಸರಿ ಎಂದು, ಮೂಲ ದಾಖಲೆಯನ್ನು ತೆರೆದೂ ನೋಡದೆ, ಅಳಿಸಿ ‘ಇಲ್ಲ’ ಮಾಡಿದೆ. ಒಂದು ತಪ್ಪು ತಿದ್ದಿದ ಸಮಾಧಾನದಲ್ಲಿ ಚಹಾ ಕುಡಿದೆ.

ನಾನು ತಿದ್ದಿದ್ದನ್ನು ಮತ್ತೊಮ್ಮೆ ಪರೀಕ್ಷಿಸುವವನು ಮೈಸೂರಿನ ನಾಗರಾಜ. ಮರುದಿನ ಮಧ್ಯಾಹ್ನ ನನ್ನ ಮೇಜಿಗೆ ಬಂದು ನಿಂತ. “ಏನ್ ಸಾರ್, ಒರಿಜಿನಲ್ ಚೆಕ್ ಮಾಡ್ದೇನೇ ಚೇಂಜ್ ಮಾಡ್ಬಿಟ್ರಾ? ಪಾಪ, ಜೀವಮಾನದಲ್ಲಿ ಒಂದ್ಸಲ ಖರ್ಚಿಗೆ ಹೌದು ಅಂದಿದಾನೆ. ಅದನ್ನೂ ಬಿಡ್ಲಿಲ್ವಲ್ಲ ನೀವು!” ಎಂದು ನಕ್ಕ. ನಾನೂ ನಕ್ಕೆ. ಅವನು ಹೋದ ಮೇಲೆ ಮೂಲ ದಾಖಲೆ ತೆರೆದರೆ, ಹೌದು ಎಂದೇ ಇತ್ತು. ಯಾವ ಮಗುವಿನ ಮುಖ ಕಂಡು ಆ ಮುದುಕ ಅಂದು ಕೈ ಎತ್ತಿದನೋ, ಕೈ ಎತ್ತಿದ ಸಂಜೆ ಪಕ್ಷದ ಗೆಳೆಯರಿಂದ ಎಷ್ಟು ಮಾತು ಕೇಳಿದನೋ, ಪಟ್ಟಿಯಲ್ಲಿ ಅದೊಂದೂ ಇರುವುದಿಲ್ಲ. ಇದ್ದ ಒಂದೇ ಗುರುತನ್ನು ನಾನು ಒರೆಸಿಹಾಕಿದ್ದೆ.

ಮನೆಗೆ ಬಂದಾಗ ಅನಘಾ ಮುಂದಿನ ಓದಿನ ಅರ್ಜಿ ತುಂಬುತ್ತಿದ್ದಳು. ಕಳಿಸಲು ಮರುದಿನವೇ ಕಡೆಯ ದಿನ. ಸಾಲಾಗಿ ಎಲ್ಲವೂ ಜೂನಿಯರ್ ಕಾಲೇಜುಗಳೇ, ವಿಶ್ವವಿದ್ಯಾಲಯಕ್ಕೆ ನೆಟ್ಟಗೆ ಹೋಗುವ ದಾರಿ. ಬೇರೆ ದಿನವಾಗಿದ್ದರೆ ಬೆನ್ನು ತಟ್ಟುತ್ತಿದ್ದೆ.

“ಇದೇ ಬೇಕಾ ನಿನಗೆ?”

“ನಿಮಗೆ ಇದೇ ಬೇಕಲ್ವಾ ಅಪ್ಪ.”

“ನಿನಗೆ ಏನು ಬೇಕೋ ಕೇಳಬಹುದಿತ್ತಲ್ಲ?”

“ಕೇಳಿ ಏನ್ ಯೂಸ್? ನೀವು ನೋ ಅಂತೀರ, ಆಲ್ರೆಡಿ ಗೊತ್ತು ಲಾ.” ಇಲ್ಲಿಯವರಂತೆ ಕೊನೆಗೊಂದು ‘ಲಾ’ ಸೇರಿಸಿ ಹೇಳಿದ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅವಳಿಗೆ ಬುದ್ಧಿ ಬಂದು ಚೀಟಿಗಳು ನಿಂತದ್ದಲ್ಲ. ಅವಳು ನನ್ನ ‘ಇಲ್ಲ’ಗಳ ಪಟ್ಟಿಯನ್ನು ಪೂರ್ತಿ ಓದಿ ಮುಗಿಸಿದ್ದಳು.

“ಒಂದು ಚೀಟಿ ಬರಿ,” ಎಂದಷ್ಟೇ ಹೇಳಿದೆ.

ಬೆಳಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಈಚೆ ಬಂದರೆ, ಎಷ್ಟೋ ವರ್ಷಗಳ ಮೇಲೆ ಗೋಡಂಬಿಯಾಗಿದ್ದ ಆ ಮಾವಿನ ಕೆಳಗೆ ಒಂದು ಚೀಟಿ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು. ಸೊಟ್ಟಗಿನ ಕನ್ನಡದಲ್ಲಿ ‘ಪಾಲಿಟೆಕ್ನಿಕ್. ಪ್ರಾಣಿಗಳನ್ನು ನೋಡಿಕೊಳ್ಳುವ ಕೋರ್ಸು’ ಎಂದಿತ್ತು. ಹ್ಯಾಮ್‌ಸ್ಟರ್‌ನ ಆಸೆ ಎಲ್ಲೂ ಹೋಗಿರಲಿಲ್ಲ. ಕೆಳಗೆ ಅವೇ ಎರಡು ಚೌಕಗಳು. ನನಗೆ ತೊಂದರೆ ಬೇಡವೆಂದೋ ಏನೋ, ‘ಇಲ್ಲ’ದ ಚೌಕದಲ್ಲಿ ಅವಳೇ ಪೆನ್ಸಿಲಿನಿಂದ ರೈಟ್ ಮಾರ್ಕು ಹಾಕಿಟ್ಟಿದ್ದಳು.

ಲೋಟ ಕೆಳಗಿಟ್ಟು ಮನೆಯಿಡೀ ರಬ್ಬರು ಹುಡುಕಿದೆ. ಅವಳ ಹಳೆಯ ಕಂಪಾಸ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಎಷ್ಟು ಉಜ್ಜಿದರೂ ಮಾರ್ಕು ಪೂರ್ತಿ ಹೋಗಲಿಲ್ಲ. ಪಕ್ಕದ ಚೌಕದಲ್ಲಿ ಪೆನ್ನು ಹಿಡಿದು, ಕಾಗದ ತೂತಾಗುವಷ್ಟು ಒತ್ತಿ ನನ್ನ ಮತ ಹಾಕಿದೆ.