ಮುಜಿಂಗಾ ಮೇಡಂ ಹಾಕುವ ಹಾಡು
ಕಿನ್ಶಾಸಾದ ಆ ಹೈಸ್ಕೂಲಿನಲ್ಲಿ ಮುಜಿಂಗಾ ಮೇಡಂ ಚಿತ್ರಕಲೆ ಪಾಠ ಶುರುಮಾಡುವುದೇ ಹಳೇ ಟೇಪಿನಿಂದ. ಯಾವಾಗಲೂ ಅದೇ ಒಂದು ರುಂಬಾ ಕುಣಿತದ ಹಾಡು; ಅದನ್ನು ಕೇಳುತ್ತಾ ಮಕ್ಕಳು ಚಿತ್ರ ಬರೆಯಬೇಕು. ಗಿಟಾರ್ ಬರೆದವರಿಗೆ ಬೈಗುಳ ಗ್ಯಾರಂಟಿ: "ವಾದ್ಯ ಬೇಡ ಕಣ್ರೋ, ಸದ್ದು ಬರೀರಿ! ಡೋಲು ಸುಮ್ಮನಾದ ಕಡೆ ಹಾಳೆಯೂ ಸುಮ್ಮನಿರಲಿ." ಅವರು ಬೆರಳಿಟ್ಟು ತೋರಿಸಿದರೆ ಖಾಲಿ ಜಾಗವೂ ಕುಣಿಯುತ್ತಿತ್ತು, ಬೊಲುಂಬು ಎಂಬ ಹುಡುಗಿಯಂತೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಒಂದು ದಿನ ಅವಳು ಹಾಳೆಯ ಮೂಲೆಯಲ್ಲಿ ಪುಟ್ಟದೊಂದು ಹಳದಿ ಚುಕ್ಕೆ ಇಟ್ಟಳು. "ಇದೇನೇ?" ಎಂದರು ಮೇಡಂ. "ಟೇಪಿನಲ್ಲಿ ಹಾಡು ಮುಗಿದ ಮೇಲೆ ಯಾರೋ ನಗ್ತಾರಲ್ಲ ಮೇಡಂ, ಅದು." ಇಷ್ಟು ವರ್ಷಗಳಲ್ಲಿ ಆ ನಗುವನ್ನು ಯಾರೂ ಬರೆದಿರಲಿಲ್ಲ. ಮೇಡಂ ಬೆಂಚಿನ ಮೇಲೆ ಕುಳಿತೇಬಿಟ್ಟರು. "ಅದು ನಮ್ಮಣ್ಣ, ಈ ಹಾಡು ರೆಕಾರ್ಡ್ ಮಾಡುವಾಗ ನಕ್ಕಿದ್ದು. ಅವನು ತೀರಿಕೊಂಡ ಮೇಲೆ ಉಳಿದಿರೋದು ಈ ನಗು ಒಂದೇ," ಎಂದವರು ಹಳದಿ ಬಣ್ಣದ ಡಬ್ಬಿಯನ್ನೇ ಅವಳ ಮುಂದೆ ಸರಿಸಿದರು. "ದೊಡ್ಡದು ಮಾಡೇ. ಅವನು ಮೆಲ್ಲಗೆ ನಕ್ಕವನೇ ಅಲ್ಲ."